ಫಿಲಡೆಲ್ಫಿಯಾದ 16 ಅಡಿ ನಿವೇಶನದ ಮೂಲಪತ್ರ ಹುಡುಕಿದ್ದು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾದ ಹಳೇ ಪೇಟೆಯಲ್ಲಿ, ಆರ್ಚ್ ಮತ್ತು ರೇಸ್ ಬೀದಿಗಳ ನಡುವೆ, 16 ಅಡಿ ಅಗಲದ ಇಟ್ಟಿಗೆ ಮನೆಯೊಂದಿದೆ. ಆ ನಿವೇಶನ ಯಾರ್ಯಾರ ಕೈದಾಟಿ ಬಂತು ನೋಡಿಕೊಡು ಎಂದು ಈಗಿನ ಮಾಲೀಕರು ಕೇಳಿದ್ದರು. ಊರಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆಸಿ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ತಾಳೆ ನೋಡಿದವರಿಗೆ ಇದು ಪೂರ್ತಿ ಹೊಸ ಕೆಲಸವೇನಲ್ಲ. ಸರ್ವೆ ನಂಬರ್ ಇರುವುದಿಲ್ಲ, ಅಷ್ಟೇ.

ಇಂದಿನ ಕ್ರಯಪತ್ರದಿಂದ ಹಿಂದಕ್ಕೆ ಹೋಗಬೇಕು. ಪೆನ್ಸಿಲ್ವೇನಿಯಾದ ಹಳೇ ಪತ್ರ ಬರೆದವರು ಒಂದು ಉಪಕಾರ ಮಾಡಿದ್ದಾರೆ: ಇದೇ ಸ್ವತ್ತು ಇಂಥವರಿಂದ, ಇಂಥ ತಾರೀಕಿನ ಪತ್ರದಿಂದ ಬಂತು, ಇಂಥ ಪುಸ್ತಕದ ಇಂಥ ಪುಟದಲ್ಲಿದೆ ಎಂದು ಹಿಂದಿನದರ ವಿವರವನ್ನೂ ಸೇರಿಸುತ್ತಾರೆ. 19ನೇ ಶತಮಾನದ ಪುಸ್ತಕಗಳಿಗೆ ಆಗಿನ ನೋಂದಣಾಧಿಕಾರಿಯ ಇನಿಷಿಯಲ್ಲುಗಳೇ ಹೆಸರು; ಅದನ್ನು ಬಿಟ್ಟು ಬರೀ ಸಂಪುಟ ಸಂಖ್ಯೆ ಬರೆದುಕೊಂಡರೆ ಉಪಯೋಗವಿಲ್ಲ. ಮನೆ ನಂಬರನ್ನಂತೂ ನೆಚ್ಚಲೇಬೇಡಿ, 1850ರ ದಶಕದಲ್ಲಿ ಅವೆಲ್ಲ ಬದಲಾದವು. ಬೀದಿಗಳ ಕಥೆಯೂ ಅದೇ. ಹಳೇ ಪತ್ರಗಳಲ್ಲಿ ಆರ್ಚ್ ಅಂದರೆ ಮಲ್ಬರಿ, ರೇಸ್ ಅಂದರೆ ಸ್ಯಾಸಫ್ರಾಸ್.

ಅಲ್ಲಿನ ನೆಲಬಾಡಿಗೆ ಪದ್ಧತಿ ಗೊತ್ತಿಲ್ಲದವರಿಗೆ ಒಂದೇ ನಿವೇಶನವನ್ನು ಇಬ್ಬರು ಬೇರೆ ಬೇರೆಯಾಗಿ ಮಾರಿದ ಹಾಗೆ ಕಾಣುತ್ತದೆ. ಕೊಳ್ಳುವವನು ಒಟ್ಟಿಗೆ ದುಡ್ಡು ಕೊಡುವ ಬದಲು ವರ್ಷವರ್ಷವೂ ಇಷ್ಟು ಎಂದು ಶಾಶ್ವತವಾಗಿ ಕೊಡಲು ಒಪ್ಪುತ್ತಿದ್ದ. ಆ ಬಾಡಿಗೆಯ ಹಕ್ಕೇ ಒಂದು ಆಸ್ತಿ. ಅದನ್ನು ಮಾರಬಹುದಿತ್ತು, ಮಕ್ಕಳಿಗೆ ಬಿಡಬಹುದಿತ್ತು. ಇಂಥ ಪತ್ರಗಳಲ್ಲಿ ಸ್ಪ್ಯಾನಿಷ್ ಬೆಳ್ಳಿ ಡಾಲರಿನಲ್ಲೇ ಕೊಡಬೇಕು, ಒಂದೊಂದೂ ಆಗಿನ ಬೆಳ್ಳಿ ತೂಕದ ಅಳತೆಯಲ್ಲಿ 17 ಪೆನ್ನಿವೇಟ್ 6 ಗ್ರೇನ್ ತೂಗಬೇಕು ಎಂಬ ಷರತ್ತು ಇರುತ್ತದೆ. ನೆಲದ ಸರಣಿಗೊಂದು ಹಾಳೆ, ಬಾಡಿಗೆಯ ಸರಣಿಗೊಂದು ಹಾಳೆ ಇಟ್ಟುಕೊಂಡ ಮೇಲೇ ನನಗೆ ಗೋಜಲು ಬಿಡಿಸಲಾಗಿದ್ದು.

ಆದರೆ 18ನೇ ಶತಮಾನದ ನಡುವಿನಲ್ಲಿ ಕೊಂಡಿ ಕಡಿಯಿತು. ಒಬ್ಬ ಬಡಗಿ ಕೊಂಡದ್ದು ಸಿಕ್ಕಿತು. ಮುಂದೆ ಮಾರಿದವನು ಬೇರೆ ಮನೆತನದ ಪೀಪಾಯಿ ಕೆಲಸದವನು. ನಡುವೆ ಪತ್ರವೇ ಇಲ್ಲ. ಆಗೆಲ್ಲ ಪತ್ರ ಪೆಟ್ಟಿಗೆಯಲ್ಲೇ ಉಳಿದು ಎಷ್ಟೋ ವರ್ಷದ ಮೇಲೆ ನೋಂದಣಿಯಾಗುತ್ತಿದ್ದದ್ದುಂಟು, ಹಾಗಾಗಿ ಸೂಚಿಯನ್ನು ದಶಕಗಟ್ಟಲೆ ಮುಂದಕ್ಕೂ ನೋಡಿದೆ. ಕೊನೆಗೆ ಕೈಹಿಡಿದದ್ದು ದಕ್ಷಿಣದ ನೆರೆಯವನ ಪತ್ರಗಳು. ಅವನ ಚಕ್ಕುಬಂದಿಯಲ್ಲಿ ಉತ್ತರಕ್ಕೆ ಮೊದಲು ಬಡಗಿಯ ನೆಲ, ಆಮೇಲಿನ ಪತ್ರದಲ್ಲಿ ಬಡಗಿಯ ವಾರಸುದಾರರದು, ಇನ್ನೊಂದರಲ್ಲಿ ಪೀಪಾಯಿಯವನದು. ಅಲ್ಲಿಗೆ ಇದು ಕ್ರಯವಲ್ಲ, ಪೌತಿ, ಅಂದರೆ ಸತ್ತವರಿಂದ ವಾರಸುದಾರರಿಗೆ ಬಂದದ್ದು ಎಂದಾಯಿತು. ಉಯಿಲುಗಳ ಕಚೇರಿಯಲ್ಲಿ ಬಡಗಿಯ ಉಯಿಲು ತೆಗೆಸಿದರೆ ನಿವೇಶನ ಮಗಳಿಗೆ ಹೋಗಿತ್ತು, ಪೀಪಾಯಿಯವನು ಅಳಿಯ. ನೆರೆಯವರ ಹೆಸರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ ಅನ್ನಿ: 'ಈಗ ಅಥವಾ ಹಿಂದೆ ಇಂಥವನದಾಗಿದ್ದ ನೆಲ' ಎಂಬ ಸಾಲನ್ನು ಗುಮಾಸ್ತರು ಹಳೇ ಪತ್ರದಿಂದ ಹಾಗೇ ಇಳಿಸಿಕೊಳ್ಳುತ್ತಿದ್ದರು, ಆ ಮನುಷ್ಯ ಸತ್ತು ಎಷ್ಟು ಕಾಲವಾಗಿತ್ತೋ.

ಕ್ರಯಪತ್ರಗಳು ನೆಲದ ವಿಷಯ ಹೇಳುತ್ತವೆ, ಮನೆಯ ಬಗ್ಗೆ ಬಾಯಿ ಬಿಡುವುದು ಕಡಿಮೆ. ಮನೆಗೆ ಅಗ್ನಿವಿಮೆಯ ಸರ್ವೆಗಳನ್ನು ನೋಡಬೇಕು. 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತಿತರರು ಕಟ್ಟಿದ ಫಿಲಡೆಲ್ಫಿಯಾ ಕಾಂಟ್ರಿಬ್ಯೂಷನ್‌ಷಿಪ್ ಎಂಬ ಅಗ್ನಿವಿಮಾ ಕಂಪನಿಯ ಸರ್ವೆಯವರು ಎಷ್ಟು ಅಂತಸ್ತು, ಗೋಡೆಯ ದಪ್ಪ ಎಷ್ಟು ಇಂಚು, ಮೆಟ್ಟಿಲು ಯಾವ ಬಗೆ ಎಂದೆಲ್ಲ ಬರೆದಿಡುತ್ತಿದ್ದರು. ಮನೆ ಮುಂದೆ ಮರವಿದ್ದರೆ ಅವರು ವಿಮೆ ಕೊಡುವುದನ್ನು ನಿಲ್ಲಿಸಿದ್ದಕ್ಕೇ 1784ರಲ್ಲಿ ಇನ್ನೊಂದು ಕಂಪನಿ ಹುಟ್ಟಿತು, ಹಸಿರು ಮರವನ್ನೇ ಗುರುತಾಗಿಟ್ಟುಕೊಂಡು.

ಇನ್ನು ತಳದ ಪತ್ರ. 1680ರ ದಶಕದಲ್ಲಿ ಪೆನ್ಸಿಲ್ವೇನಿಯಾ ಸ್ಥಾಪಿಸಿದ ವಿಲಿಯಂ ಪೆನ್‌ನಿಂದ ಹೊರಗೆ ಎಕರೆಗಟ್ಟಲೆ ಜಮೀನು ಕೊಂಡವರಿಗೆ ಪಟ್ಟಣದಲ್ಲಿ ನಿವೇಶನವೂ ಸಿಗುತ್ತಿತ್ತು. ಆ ದೊಡ್ಡ ನಿವೇಶನಗಳನ್ನೇ ಸೀಳಿ ಸೀಳಿ 16 ಅಡಿಗೆ ತಂದದ್ದು. ವಾರಂಟ್ (ನೆಲ ಅಳೆಯಲು ಆದೇಶ), ಸರ್ವೆ (ಅಳತೆ), ಪೇಟೆಂಟ್ (ಕೊನೆಯ ಹಕ್ಕುಪತ್ರ) ಎಂಬ ಮೂರು ಕಾಗದಗಳನ್ನು ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗ್‌ನ ರಾಜ್ಯ ಪತ್ರಾಗಾರದಲ್ಲಿ ಹುಡುಕಬೇಕು. ಪೆನ್ ಸೇರಿದ್ದ ಕ್ರೈಸ್ತ ಪಂಥವಾದ ಕ್ವೇಕರರ ಪತ್ರದಲ್ಲಿ 'ಮೂರನೇ ತಿಂಗಳು' ಅಂತಿದ್ದರೆ, 1752ಕ್ಕೆ ಮುಂಚಿನದಾದರೆ, ಅದನ್ನು ಮೇ ಎಂದು ಓದಿಕೊಳ್ಳಿ. ಆಗ ಮಾರ್ಚೇ ಮೊದಲ ತಿಂಗಳು.