ಹೊರಬರುವ ಗ್ರೀಸನ್ನು ನೋಡಬೇಕು

ಬದಿಯಡ್ಕದ ಸಮೀಪದ ವರ್ಕ್‌ಶಾಪೊಂದರಲ್ಲಿ ಗ್ರೀಸ್, ಎಣ್ಣೆ, ಫಿಲ್ಟರ್ ಮತ್ತು ಬೇರಿಂಗ್‌ಗಳ ಕೆಲಸ ನನ್ನ ಪಾಲಿನದು. ಎಂಜಿನ್ ಬಿಚ್ಚುವ ಮೇಸ್ತ್ರಿಗಳು ಬೇರೆ ಇದ್ದಾರೆ. ಕೆಂಪುಕಲ್ಲು ಸಾಗಿಸುವ ಲಾರಿಗಳು, ಬಸ್ಸುಗಳು, ಅಡಿಕೆ ತೋಟಗಳಿಗೆ ಗೊಬ್ಬರ ಹೊರುವ ಜೀಪುಗಳು ನಮ್ಮಲ್ಲಿಗೆ ಹೆಚ್ಚಾಗಿ ಬರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪು ಕೆಸರಿನಲ್ಲೇ ಓಡಾಡುವ ಈ ಗಾಡಿಗಳಲ್ಲಿ ಗ್ರೀಸು ಸವೆತವನ್ನು ತಡೆದರಷ್ಟೇ ಸಾಲದು, ಒಳಹೊಕ್ಕ ನೀರನ್ನೂ ಮಣ್ಣನ್ನೂ ಹೊರದೂಡಬೇಕು. ಆದ್ದರಿಂದ ಎಷ್ಟು ತುಂಬಿದೆ ಎನ್ನುವುದಕ್ಕಿಂತ ಏನು ಹೊರಬಂತು ಎನ್ನುವುದನ್ನು ನೋಡಿಯೇ ನಾನು ಕೆಲಸ ಮುಗಿಯಿತೆಂದು ತೀರ್ಮಾನಿಸುತ್ತೇನೆ.

ವಾಟರ್ ಸರ್ವೀಸ್ ಆದ ಬಳಿಕವೇ ಗ್ರೀಸ್ ಹೊಡೆಯಬೇಕು, ಏಕೆಂದರೆ ಒತ್ತಡದ ನೀರು ಸೀಲುಗಳ ಅಂಚಿನಲ್ಲಿ ನುಸುಳಿ ಒಳಗೆ ನಿಲ್ಲುತ್ತದೆ. ಗ್ರೀಸ್ ಗನ್ ಹಚ್ಚುವ ಮೊದಲು, ಗ್ರೀಸು ಒಳಹೋಗುವ ಮೂತಿಯಾದ ಪ್ರತಿಯೊಂದು ನಿಪ್ಪಲನ್ನೂ ಬಟ್ಟೆಯಿಂದ ಒರೆಸುತ್ತೇನೆ. ಒರೆಸದಿದ್ದರೆ ತುದಿಯಲ್ಲಿ ಕುಳಿತ ಮರಳು ಗ್ರೀಸಿನೊಂದಿಗೆ ನೇರವಾಗಿ ಬೇರಿಂಗಿಗೆ ಹೋಗುತ್ತದೆ. ಗೇರ್‌ಬಾಕ್ಸಿನ ತಿರುಗುಬಲವನ್ನು ಹಿಂದಿನ ಚಕ್ರಗಳತ್ತ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೀಲಾದ ಕ್ರಾಸಿಗೆ ನಾಲ್ಕು ಬೇರಿಂಗ್ ಕಪ್‌ಗಳಿವೆ. ಮೊದಲು ತುಕ್ಕಿನ ಬಣ್ಣದ ತೆಳುವಾದ ನೀರು, ಅನಂತರ ಕಪ್ಪು ಗ್ರೀಸು, ಕೊನೆಗೆ ಹೊಸ ಗ್ರೀಸು ಹೀಗೆ ನಾಲ್ಕೂ ಕಡೆಯಿಂದ ಹೊರಬಂದರೆ ಮಾತ್ರ ಕೆಲಸ ಸರಿಯಾಗಿದೆ ಎಂದರ್ಥ. ಮೂರು ಕಡೆ ಬಂದು ಒಂದು ಕಡೆ ಬಾರದಿದ್ದರೆ ಶಾಫ್ಟನ್ನು ಅತ್ತಿತ್ತ ತಿರುಗಿಸಿ ಮತ್ತೆ ಒತ್ತಬೇಕು. ಆಗಲೂ ಬಾರದಿದ್ದರೆ ಆ ಕಪ್ ಗ್ರೀಸಿಲ್ಲದೆ ಒಣಗಿ ಓಡುತ್ತಿದೆ ಎಂದು ತಿಳಿದು ಕ್ರಾಸನ್ನು ಬಿಚ್ಚಿಸುವುದೇ ಲೇಸು. ಮುಂದಿನ ಚಕ್ರ ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆಯುವಾಗ ಮುಂದಿನ ಆಕ್ಸಲನ್ನು ಜಾಕಿನಿಂದ ಎತ್ತುತ್ತೇನೆ, ಏಕೆಂದರೆ ಚಕ್ರ ನೆಲದ ಮೇಲಿದ್ದರೆ ಭಾರ ಹೊರುವ ಮುಖಗಳ ನಡುವೆ ಗ್ರೀಸು ಹೋಗಲು ಎಡೆಯಿರುವುದಿಲ್ಲ. "ಇಷ್ಟಕ್ಕೆಲ್ಲ ಜಾಕಿ ಯಾಕೆ ಅಣ್ಣ, ಹೊತ್ತಾಯ್ತಲ್ಲ" ಎಂದು ಚಾಲಕರು ಅವಸರಪಡಿಸುವುದುಂಟು, ಆದರೂ ಎತ್ತುತ್ತೇನೆ.

ಚಕ್ರದ ಬೇರಿಂಗಿನಲ್ಲಿ ಹಳೆಯ ಗ್ರೀಸನ್ನು ಪೂರ್ತಿ ತೊಳೆದು, ಒಣಗಿಸಿ, ಅಂಗೈಯ ಮೇಲೆ ಹೊಸ ಗ್ರೀಸನ್ನಿಟ್ಟು ಬೇರಿಂಗಿನ ಅಂಚನ್ನು ಅದಕ್ಕೆ ಒತ್ತುತ್ತ ಹೋಗುತ್ತೇನೆ. ರೋಲರ್‌ಗಳ ಸಂದಿಯಿಂದ ಅದು ಮೇಲಕ್ಕೆ ಎದ್ದು ಬರುವವರೆಗೆ ನಿಲ್ಲಿಸುವುದಿಲ್ಲ. ಬೇರಿಂಗ್ ಕೂರುವ ಚಕ್ರದ ನಡುಭಾಗವಾದ ಹಬ್ಬನ್ನು ಮಾತ್ರ ಇಡಿಯಾಗಿ ತುಂಬಬಾರದು, ಬಿಸಿಗೆ ಹಿಗ್ಗಿದ ಗ್ರೀಸು ಸೀಲನ್ನು ದಾಟಿ ಬ್ರೇಕ್ ಲೈನರಿಗೆ ಬರುತ್ತದೆ. ಬೇರೆ ಬೇರೆ ಜಾತಿಯ ಗ್ರೀಸುಗಳನ್ನು ಬೆರೆಸುವುದೂ ಕೂಡದು. ಲಿಥಿಯಂ ಗ್ರೀಸು ಸುಮಾರು 180 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗದೆ ನಿಲ್ಲುತ್ತದೆ. ಅಗ್ಗದ ಕ್ಯಾಲ್ಸಿಯಂ ಗ್ರೀಸು ನೀರಿಗೆ ಜಗ್ಗದಿದ್ದರೂ ನೂರು ಡಿಗ್ರಿಯ ಆಸುಪಾಸಿನಲ್ಲೇ ಕರಗುವುದರಿಂದ ಅದನ್ನು ಗಾಡಿಯ ಅಡಿಚೌಕಟ್ಟಾದ ಚಾಸಿಗೆ ಬಳಸಬಹುದೇ ಹೊರತು ಹಬ್ಬಿಗೆ ಸಲ್ಲದು.

ಹಿಂದಿನ ಆಕ್ಸಲಿನ ಗೇರುಗಳಿರುವ ಹೌಸಿಂಗ್‌ನ ಎಣ್ಣೆ ಬದಲಿಸುವಾಗ ಮೊದಲು ತುಂಬುವ ಪ್ಲಗ್ಗನ್ನು ಬಿಚ್ಚಿ, ಆಮೇಲಷ್ಟೇ ಕೆಳಗಿನ ಡ್ರೈನ್ ಪ್ಲಗ್ಗಿಗೆ ಕೈ ಹಾಕುತ್ತೇನೆ. ಎಣ್ಣೆಯನ್ನೆಲ್ಲ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬಿಚ್ಚದಿದ್ದರೆ ಗಾಡಿ ಅಲ್ಲೇ ಕೂರುತ್ತದೆ. ಇಳಿದ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ, ಆಗ ನಾನು ನೋಡುವುದು ಹೌಸಿಂಗ್ ಮೇಲೆ ಗಾಳಿಯಾಡಲೆಂದು ಇರುವ ಸಣ್ಣ ಬ್ರೀದರನ್ನು. ಅದು ಕೆಸರಿನಿಂದ ಮುಚ್ಚಿಹೋಗಿದ್ದರೆ, ಬಿಸಿಯಾದ ಹೌಸಿಂಗ್ ತೋಡಿನ ನೀರಿಗಿಳಿದು ತಟ್ಟನೆ ತಣಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನಯವಾದ ಪುಡಿ ಇರುವುದು ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಮೇಸ್ತ್ರಿಯನ್ನು ಕರೆಯುತ್ತೇನೆ. ಹೌಸಿಂಗ್‌ನೊಳಗಿನ ಹೈಪಾಯ್ಡ್ ಕ್ರೌನ್ ಗೇರಿಗೆ ಹಾಕುವ ಜಿಎಲ್-5 ದರ್ಜೆಯ ಗೇರ್ ಎಣ್ಣೆಯನ್ನು, ಕಂಪನಿಯ ಪುಸ್ತಕ ಹೇಳದ ಹೊರತು ಗೇರ್‌ಬಾಕ್ಸಿಗೆ ಹಾಕುವುದಿಲ್ಲ, ಅದರಲ್ಲಿನ ಗಂಧಕದ ಅಂಶ ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನಬಹುದು.

ಎಂಜಿನ್ ಎಣ್ಣೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಬಿಸಿಯಿರುವಾಗಲೇ ಇಳಿಸುತ್ತೇನೆ, ಫಿಲ್ಟರಿನ ರಬ್ಬರಿಗೆ ಹೊಸ ಎಣ್ಣೆ ಸವರಿ ಕೈಯಿಂದಲೇ ಬಿಗಿಯುತ್ತೇನೆ. ಡೀಸೆಲ್ ಗಾಡಿಯ ಎಣ್ಣೆ ಬೇಗ ಕಪ್ಪಾಗುವುದು ಮಸಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ, ಬರೀ ಬಣ್ಣ ನೋಡಿ ಅದು ಕೆಟ್ಟಿದೆ ಎನ್ನಲಾಗದು.

ಇಳಿಸಿದ ಕರಿ ಎಣ್ಣೆಯನ್ನು ಗೆದ್ದಲಿಗೆಂದು ಮರಕ್ಕೆ ಬಳಿಯಲು ಕೇಳಿಕೊಂಡು ಬರುವವರು ಇಂದಿಗೂ ಇದ್ದಾರೆ. ಬಾವಿಯ ನೀರನ್ನೇ ಕುಡಿಯುವ ಊರಿನಲ್ಲಿ ಅದು ಮಳೆಗೆ ತೊಳೆದು ಮಣ್ಣಿಗಿಳಿಯುವುದು ಬೇಡವೆಂದು ಹೇಳಿ, ಬ್ಯಾರಲ್ಲಿಗೆ ಸುರಿದು ಮುಚ್ಚಳ ಬಿಗಿಯುತ್ತೇನೆ. ಬ್ಯಾರಲ್ ತುಂಬಿದಾಗ ಪರವಾನಗಿ ಇರುವವರು ಬಂದು ಒಯ್ಯುತ್ತಾರೆ.