ಒಂದು ಬದಿ ಇಲ್ಲದ ತೊಟ್ಟಿಲು: ಇಂಗ್ಲೆಂಡಿನಲ್ಲಿ ಮಗುವಿಗೆ ಕಾಯುತ್ತಿರುವವರಿಗೆ

ಕಾಸರಗೋಡಿನ ಬದಿಯಡ್ಕದಿಂದ ಬಾಣಂತನಕ್ಕೆ ಬಂದ ಅಮ್ಮ ನಮ್ಮ ಮಲಗುವ ಕೋಣೆಗೆ ಬಂದು ಮೊದಲು ಕೇಳಿದ್ದು ಇದು: "ಎಂತ ಮಗಳೇ, ಒಂದು ಬದಿಯೇ ಇಲ್ಲವಲ್ಲ! ತೊಟ್ಟಿಲು ತರುವಾಗ ಮುರಿಯಿತಾ?"

ಮುರಿದಿರಲಿಲ್ಲ. ಅದು ಬೆಡ್‌ಸೈಡ್ ಕ್ರಿಬ್. ನಮ್ಮ ಮಂಚಕ್ಕೆ ತಾಗಿಸಿ ಬೆಲ್ಟ್ ಹಾಕಿ ಕಟ್ಟಿದ್ದೆ. ಮಂಚದ ಕಡೆಯ ಗೋಡೆಯನ್ನು ಜಿಪ್ ಬಿಚ್ಚಿ ಅರ್ಧಕ್ಕೆ ಇಳಿಸಿದ್ದೆ. ರಾತ್ರಿ ಹಾಲು ಕುಡಿಸಲು ಏಳಬೇಕಿಲ್ಲ, ಕೈ ಚಾಚಿದರೆ ಮಗು ಸಿಗುತ್ತದೆ. ಆದರೆ ಮಗುವಿಗೆ ಅದರದ್ದೇ ಹಾಸಿಗೆ ಇರುತ್ತದೆ.

ನಮ್ಮ ಕಡೆ ತೊಟ್ಟಿಲು ಅಂದರೆ ಅಟ್ಟದಿಂದ ಇಳಿಸುವುದು, ತೊಳೆದು ಬಿಸಿಲಿಗೆ ಇಡುವುದು, ಒಳ್ಳೆಯ ದಿನ ನೋಡಿ ಮಗುವನ್ನು ಹಾಕುವುದು. ನನ್ನನ್ನೂ ನನ್ನ ಸೋದರಮಾವನನ್ನೂ ಒಂದೇ ತೊಟ್ಟಿಲಲ್ಲಿ ತೂಗಿದ್ದಾರೆ. ಕನ್ನಡದಲ್ಲಿ ತೊಟ್ಟಿಲು, ಮಲಯಾಳದಲ್ಲಿ ತೊಟ್ಟಿಲ್. ಬಸ್ಸಿನ ಬೋರ್ಡಿಗೂ ಭಾಷೆಯ ಜಗಳವಿರುವ ನಮ್ಮ ಊರಲ್ಲಿ ಹೆಸರಿಗೆ ಜಗಳವಿಲ್ಲದ ವಸ್ತು ಅದೊಂದೇ ಇರಬೇಕು. ಕೊಳ್ಳುವ ಪ್ರಶ್ನೆಯೇ ಬರುವುದಿಲ್ಲವಾದ್ದರಿಂದ ಆಯ್ಕೆ ಮಾಡುವುದು ಹೇಗೆ ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ. ಇಲ್ಲಿಗೆ ಬಂದ ಮೇಲೆ ಎಪ್ಪತ್ತು ಮಾದರಿ ನೋಡಿ ತಲೆ ಕೆಡುತ್ತದೆ. ನನ್ನದೂ ಕೆಟ್ಟಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇಲ್ಲಿನ ವ್ಯವಸ್ಥೆ ಹೇಗೆ ಅಂತ ತಿಳಿದುಕೊಳ್ಳಿ. ಊರಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರಲ್ಲ, ಇಲ್ಲೂ ಮನೆಗೇ ಬರುತ್ತಾರೆ. ಹೆರಿಗೆಯಾಗಿ ಮನೆಗೆ ಬಂದ ಮೊದಲ ದಿನಗಳಲ್ಲಿ ಮಿಡ್‌ವೈಫ್, ಅಂದರೆ ಹೆರಿಗೆಯ ದಾದಿ, ನೋಡಿಕೊಳ್ಳುತ್ತಾರೆ. ಹತ್ತರಿಂದ ಹದಿನಾಲ್ಕು ದಿನದೊಳಗೆ ಹೆಲ್ತ್ ವಿಸಿಟರ್ ಬರುತ್ತಾರೆ. ಇವರು ತರಬೇತಿ ಪಡೆದ ನರ್ಸ್ ಅಥವಾ ಮಿಡ್‌ವೈಫ್. ಮಗುವಿನ ತೂಕ, ಲಸಿಕೆ ಎಲ್ಲ ಬರೆಯುವ ಕೆಂಪು ಪುಸ್ತಕ ಒಂದಿರುತ್ತದೆ. ಎಲ್ಲರೂ ರೆಡ್ ಬುಕ್ ಅಂತಲೇ ಹೇಳುವುದು. ಹೆಲ್ತ್ ವಿಸಿಟರ್ ಮಗು ಎಲ್ಲಿ ಮಲಗುತ್ತದೆ ಅಂತ ಕೇಳುತ್ತಾರೆ, ಜಾಗ ನೋಡಬಹುದಾ ಅಂತಲೂ ಕೇಳುತ್ತಾರೆ. ಹೆದರಬೇಡಿ. ಅದು ತನಿಖೆ ಅಲ್ಲ. ವೀಸಾಕ್ಕೂ ಅದಕ್ಕೂ ಸಂಬಂಧವಿಲ್ಲ. "ನಾವು ಮಗುವನ್ನು ನಮ್ಮ ಜೊತೆಗೇ ಮಲಗಿಸುತ್ತೇವೆ" ಅಂತ ಹೇಳಲು ನಮ್ಮವರು ಹಿಂಜರಿಯುತ್ತಾರೆ. ಸುಮ್ನೆ ಸುಳ್ಳು ಹೇಳಿ ತಲೆಯಾಡಿಸುವುದಕ್ಕಿಂತ ನಿಜ ಹೇಳಿ ಸಲಹೆ ಕೇಳುವುದು ಒಳ್ಳೆಯದು. ವೀಸಾ ಅರ್ಜಿಯ ಜೊತೆ ಕಟ್ಟಿದ ಹೆಲ್ತ್ ಸರ್‌ಚಾರ್ಜ್ ನೆನಪಿದೆಯಲ್ಲ? ವರ್ಷಕ್ಕೆ 1,035 ಪೌಂಡ್. ಈ ಸೇವೆಯೂ ಅದರೊಳಗೇ ಬಂತು. ಪ್ರಶ್ನೆ ಕೇಳಲು ಸಂಕೋಚ ಯಾಕೆ?

ಇನ್ನೊಂದು ವಿಷಯ. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಅಂತ ಕೇಳಬಹುದು, ಹಣ ಕೊಡಬೇಕಿಲ್ಲ. ಆದರೆ 'ಕನ್ನಡ' ಅಂತ ಬಿಡಿಸಿ ಹೇಳಿ. ಮುಳ್ಳೇರಿಯದಲ್ಲಿ ಹುಟ್ಟಿದ ನನ್ನ ನಾದಿನಿಗೆ ಫೋನಿನಲ್ಲಿ ಸಿಕ್ಕಿದ್ದು ಮಲಯಾಳ ದುಭಾಷಿ. ಹುಟ್ಟಿದ್ದು ಕೇರಳ ಅಂತ ಬರೆದಿತ್ತಲ್ಲ, ಅಷ್ಟೇ ಸಾಕಾಯಿತು. 1956ರ ನವೆಂಬರ್ 1ರಂದು ಕನ್ನಡದ ಕಾಸರಗೋಡು ಕೇರಳಕ್ಕೆ ಸೇರಿಹೋದ ಕಥೆಯನ್ನು ಅವರಿಗೆ ಎಲ್ಲಿಂದ ಶುರು ಮಾಡಿ ಹೇಳುವುದು?

ಇವರೆಲ್ಲ ಮಲಗುವ ಜಾಗದ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ಗಟ್ಟಿಮುಟ್ಟಾಗಿದ್ದ ಮಗು ಯಾವ ಕಾರಣವೂ ಗೊತ್ತಾಗದೆ ನಿದ್ದೆಯಲ್ಲೇ ತೀರಿಹೋಗುವುದುಂಟು. ಇಂಥ ಸಾವು ಮೊದಲ ಆರು ತಿಂಗಳಲ್ಲೇ ಜಾಸ್ತಿ. ಮಗುವನ್ನು ಅಂಗಾತ ಮಲಗಿಸಿ ಅಂತ 1991ರಲ್ಲಿ ಇಲ್ಲಿ ದೊಡ್ಡ ಪ್ರಚಾರ ನಡೆಯಿತು. ಆಮೇಲೆ ಈ ಸಾವುಗಳು ಸುಮಾರು ಐದರಲ್ಲಿ ನಾಲ್ಕು ಪಾಲು ಇಳಿದುಹೋಗಿವೆ. ಇದರಲ್ಲೇ ತೊಡಗಿಕೊಂಡಿರುವ ಸಂಸ್ಥೆ ಲಲ್ಲಬೈ ಟ್ರಸ್ಟ್. ಮಿಡ್‌ವೈಫ್ ಕೊಡುವ ಸಲಹೆಗೂ ಅವರ ಸಲಹೆಗೂ ವ್ಯತ್ಯಾಸವಿರುವುದಿಲ್ಲ. ಅಂಗಾತ ಮಲಗಿಸಿ. ಸಮತಟ್ಟಾದ ಗಟ್ಟಿ ಹಾಸಿಗೆ ಇರಲಿ. ಅದರ ಮೇಲೆ ಬೇರೇನೂ ಬೇಡ. ಮೊದಲ ಆರು ತಿಂಗಳು ಹಗಲಾಗಲಿ ರಾತ್ರಿಯಾಗಲಿ ನೀವಿರುವ ಕೋಣೆಯಲ್ಲೇ ಮಲಗಲಿ. ಈ ಕೊನೆಯ ಮಾತಿಗೇ ಬೆಡ್‌ಸೈಡ್ ಕ್ರಿಬ್ ಇಷ್ಟು ಹೊಂದುವುದು.

ಈಗ ಅಂಗಡಿಗೆ ಬರೋಣ. ಇಂಗ್ಲೆಂಡಿನಲ್ಲಿ ಮಾರುವ ವಸ್ತು ಅಂದರೆ ಸರ್ಕಾರ ಪರೀಕ್ಷೆ ಮಾಡಿಯೇ ಬಿಟ್ಟಿರುತ್ತದೆ ಅಂತ ನಾನು ನಂಬಿದ್ದೆ. ಹಾಗಿಲ್ಲ. ಮಾರುವ ವಸ್ತು ಸುರಕ್ಷಿತವಾಗಿರಬೇಕು ಅಂತ ಕಾನೂನು ಹೇಳುತ್ತದೆ, ಆದರೆ ಪ್ರತಿ ತೊಟ್ಟಿಲನ್ನೂ ಮಾರಾಟಕ್ಕೆ ಮೊದಲೇ ಯಾವ ಅಧಿಕಾರಿಯೂ ನೋಡುವುದಿಲ್ಲ. ದೂರು ಬಂದ ಮೇಲೆ ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ, ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ವಿಭಾಗದವರು ಮಾರಾಟಗಾರರನ್ನು ವಿಚಾರಣೆಗೆ ಎಳೆಯುತ್ತಾರೆ. ಆನ್‌ಲೈನ್‌ನಲ್ಲಿ ಹೆಸರೇ ಕೇಳದ ಮಾರಾಟಗಾರರ ವಸ್ತುಗಳಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಅಂದರೆ ನೋಡುವ ಕೆಲಸ ನಮ್ಮದೇ.

ನೋಡಬೇಕಾದದ್ದು ಒಂದು ನಂಬರ್: ಬಿಎಸ್ ಇಎನ್ (BS EN) 1130:2019, ಅಂದರೆ ತೊಟ್ಟಿಲಿನ ಸುರಕ್ಷತಾ ನಿಯಮದ ನಂಬರ್. ತೊಟ್ಟಿಲಿನ ಮೇಲೋ ಪುಸ್ತಿಕೆಯಲ್ಲೋ ಬರೆದಿರುತ್ತದೆ. ಕೊನೆಯ 2019 ಮುಖ್ಯ. 1996ರ ಹಳೆಯ ನಿಯಮ ಬಂದಾಗ ಮಂಚಕ್ಕೆ ಅಂಟುವ ತೊಟ್ಟಿಲು ಎಂಬುದು ಲೆಕ್ಕದಲ್ಲೇ ಇರಲಿಲ್ಲ. ಹೊಸದರಲ್ಲಿ ಅದಕ್ಕೂ ನಿಯಮ ಬಂತು. ಮಂಚದ ಕಡೆಯ ಗೋಡೆ ಇಳಿಸಿದಾಗಲೂ ಮಗುವಿನ ಹಾಸಿಗೆಯಿಂದ ಮೇಲೆ ಕನಿಷ್ಠ 120 ಮಿಲಿಮೀಟರ್ ತಡೆ ಉಳಿಯಬೇಕು. ಹನ್ನೆರಡು ಸೆಂಟಿಮೀಟರ್, ಗೇಣಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಗೋಡೆ ಪೂರ್ತಿ ಬಿದ್ದು ನಿಮ್ಮ ಹಾಸಿಗೆ, ಮಗುವಿನ ಹಾಸಿಗೆ ಒಂದೇ ಚಾಪೆಯ ಹಾಗೆ ಕಾಣುವ ಫೋಟೋ ಹಾಕಿದ್ದರೆ ಅದನ್ನು ಬಿಟ್ಟುಬಿಡಿ. ನೋಡಲು ಚಂದವೇ. ಆದರೆ ಮಗು ಉರುಳಿ ನಿಮ್ಮ ರಜಾಯಿಯ ಅಡಿಗೆ ಹೋಗುವುದಕ್ಕೂ ಅದೇ ದಾರಿ.

ಸಿಇ (CE) ಗುರುತನ್ನು ದೊಡ್ಡದಾಗಿ ತೋರಿಸುವ ಮಾರಾಟಗಾರರಿದ್ದಾರೆ. ಆ ಗುರುತು ಆಟಿಕೆಗಳಿಗೆ, ವಿದ್ಯುತ್ ಸಾಮಾನುಗಳಿಗೆ. ತೊಟ್ಟಿಲು ಒಳ್ಳೆಯದು ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ಜರ್ಮನಿ, ಐರ್ಲೆಂಡ್ ಕಡೆ ಇರುವವರು ಇಎನ್ 1130 ಅಂತ ಹುಡುಕಿದರೆ ಸಾಕು, ನಿಯಮ ಯುರೋಪಿನದ್ದೇ. ಕಾಸರಗೋಡಿನವರು ಅಂದಮೇಲೆ ಗಲ್ಫ್‌ನಲ್ಲಿ ಇರುವವರೇ ಜಾಸ್ತಿ ಅಲ್ವಾ? ಅಲ್ಲಿ ಕೊಳ್ಳುವಾಗಲೂ ಈ ನಂಬರ್ ಕೇಳುವುದರಲ್ಲಿ ನಷ್ಟವಿಲ್ಲ.

ಕೊಳ್ಳುವ ಮೊದಲು ಟೇಪ್ ಹಿಡಿದು ನಿಮ್ಮ ಮಂಚವನ್ನು ಅಳೆಯಿರಿ. ನಾನು ಇದನ್ನು ಮಾಡದೆ ಕೆಟ್ಟೆ. ಬಾಡಿಗೆ ಮನೆಯ ಜೊತೆ ಬಂದ ಮಂಚ ನಮ್ಮದು. ಮರದ ಚೌಕಟ್ಟು ಹಾಸಿಗೆಗಿಂತ ನಾಲ್ಕು ಬೆರಳು ಹೊರಗೆ ಚಾಚಿಕೊಂಡಿದೆ. ಮೊದಲು ತರಿಸಿದ ತೊಟ್ಟಿಲು ಚೌಕಟ್ಟಿಗೆ ಬಡಿದು ನಿಂತಿತು. ಹಾಸಿಗೆಗೂ ತೊಟ್ಟಿಲಿಗೂ ನಡುವೆ ನನ್ನ ಅಂಗೈ ಆರಾಮಾಗಿ ಇಳಿಯುವಷ್ಟು ಸಂದು. ಗಂಡ ಟವೆಲ್ ಸುರುಳಿ ಮಾಡಿ ತುಂಬಿಸಿದರು. ಮಿಡ್‌ವೈಫ್ ನೋಡಿ ಮೆಲ್ಲಗೆ ಟವೆಲ್ ಎಳೆದು ತೆಗೆದರು. ಸಂದಿನಷ್ಟೇ ಅಪಾಯ ಅದಕ್ಕೆ ತುರುಕಿದ ಬಟ್ಟೆಯಿಂದಲೂ ಉಂಟು. ಆನ್‌ಲೈನ್‌ನಲ್ಲಿ ಕೊಂಡದ್ದಾದ್ದರಿಂದ ಬಚಾವಾದೆವು. ಹಾಗೆ ಕೊಂಡದ್ದನ್ನು ಕೈಸೇರಿದ ಹದಿನಾಲ್ಕು ದಿನದೊಳಗೆ ಕಾರಣ ಹೇಳದೆಯೇ ಬೇಡ ಅನ್ನಬಹುದು. ಅಂಗಡಿಗೆ ಹೋಗಿ ಕೊಂಡದ್ದಕ್ಕೆ ಈ ಹಕ್ಕಿಲ್ಲ, ವಸ್ತು ಕೆಟ್ಟದ್ದಾಗಿದ್ದರೆ ಮಾತ್ರ ಮೂವತ್ತು ದಿನದೊಳಗೆ ವಾಪಸ್ ಕೊಟ್ಟು ಹಣ ಕೇಳಬಹುದು. ಹಾಗಾಗಿ ಮಂಚ ವಿಚಿತ್ರವಾಗಿದ್ದರೆ ಆನ್‌ಲೈನೇ ವಾಸಿ.

ನೆಲದಿಂದ ನಿಮ್ಮ ಹಾಸಿಗೆಯ ಮೇಲ್ಭಾಗದವರೆಗೆ ಎತ್ತರ ಬರೆದಿಟ್ಟುಕೊಳ್ಳಿ. ತೊಟ್ಟಿಲಿನ ಕಾಲನ್ನು ಆ ಎತ್ತರಕ್ಕೆ ಹೊಂದಿಸಲು ಆಗಬೇಕು. ಇಳಿಸಿದ ಗೋಡೆಯ ಮೇಲಂಚು ನಿಮ್ಮ ಹಾಸಿಗೆಗಿಂತ ಕೆಳಗೆ ಹೋಗಬಾರದು. ಬೆಲ್ಟ್ ಯಾವುದಕ್ಕೆ ಕಟ್ಟುತ್ತೀರಿ ಅನ್ನುವುದನ್ನೂ ನೋಡಿ. ಇಲ್ಲಿನ ಡಿವಾನ್ ಮಂಚಗಳಿಗೆ ಕಾಲು, ಕಂಬಿ ಇರುವುದಿಲ್ಲ, ಒಂದು ದೊಡ್ಡ ಪೆಟ್ಟಿಗೆ ಅಷ್ಟೇ. ಕೆಲವು ಮಾದರಿಗಳಲ್ಲಿ ಹಾಸಿಗೆಯ ಅಡಿಯಿಂದ ಆಚೆ ಬದಿಗೆ ಹಾಯಿಸುವ ಉದ್ದ ಬೆಲ್ಟ್ ಇರುತ್ತದೆ, ಡಿವಾನ್‌ಗೆ ಅದೇ ಬೇಕು. ಬೆಲ್ಟ್ ಕಟ್ಟದೆ ಸುಮ್ನೆ ತಾಗಿಸಿ ಇಟ್ಟರೆ ರಾತ್ರಿ ನೀವು ಮಗ್ಗುಲಾದಾಗೆಲ್ಲ ಒಂದಿಷ್ಟು ದೂರ ಜರುಗುತ್ತದೆ. ಕಟ್ಟಲು ಆಗದಿದ್ದರೆ ಗೋಡೆ ಪೂರ್ತಿ ಏರಿಸಿ, ಪಕ್ಕದಲ್ಲಿ ಬೇರೆ ತೊಟ್ಟಿಲಾಗಿಯೇ ಇಡಿ.

ಪೋರ್ಟಬಲ್ ಅಂತ ಬರೆದಿದ್ದನ್ನು ಪೂರ್ತಿ ನಂಬಬೇಡಿ. ಚಕ್ರ ಇದ್ದರೆ ಕೋಣೆಯಿಂದ ಕೋಣೆಗೆ ಹೋಗುತ್ತದೆ, ಮೆಟ್ಟಿಲು ಹತ್ತುವುದಿಲ್ಲ. ಇಲ್ಲಿನ ಮನೆಗಳಲ್ಲಿ ಮಲಗುವುದು ಮೇಲೆ, ಹಗಲು ಕಳೆಯುವುದು ಕೆಳಗೆ. ಹಗಲಿನ ನಿದ್ದೆಗೆ ಕೆಳಗೆ ಒಂದು ಮೋಸೆಸ್ ಬಾಸ್ಕೆಟ್ ಸಾಕು, ಅದು ನಮ್ಮ ಕುಕ್ಕೆಯ ಹಾಗೆಯೇ. ದಿನಕ್ಕೆರಡು ಸಲ ತೊಟ್ಟಿಲು ಹೊರುವ ಉತ್ಸಾಹ ಹೆರಿಗೆಯಾದ ಮೈಗೆ ಇರುವುದಿಲ್ಲ. ಮಡಚಿ ಚೀಲಕ್ಕೆ ಹಾಕುವ ಮಾದರಿ ಬೇಕಾಗುವುದು ಊರಿಗೆ ಹೋಗುವವರಿಗೆ. ಆದರೆ ಊರಿನ ಎತ್ತರದ ಮಂಚಕ್ಕೆ ಅದು ಹೊಂದುವುದು ಅಪರೂಪ. ಅಲ್ಲಿ ನಾಲ್ಕೂ ಗೋಡೆ ಏರಿಸಿ ಫ್ಯಾನಿನ ಅಡಿಯಲ್ಲಿ ಇಟ್ಟರೆ ಆಯಿತು.

ಸ್ಕಾಟ್ಲೆಂಡಿನಲ್ಲಿ ಇರುವವರು ಖರ್ಚು ಮಾಡುವ ಮೊದಲು ಮಿಡ್‌ವೈಫ್ ಹತ್ತಿರ ಬೇಬಿ ಬಾಕ್ಸ್ ಕೇಳಿ. 2017ರ ಆಗಸ್ಟ್‌ನಿಂದ ಅಲ್ಲಿ ಹುಟ್ಟುವ ಪ್ರತಿ ಮಗುವಿಗೂ ಬಟ್ಟೆಬರೆ ತುಂಬಿದ ಪೆಟ್ಟಿಗೆ ಉಚಿತ. ಒಳಗೆ ಹಾಸಿಗೆಯೂ ಇರುತ್ತದೆ, ಆ ಪೆಟ್ಟಿಗೆಯಲ್ಲೇ ಮಗುವನ್ನು ಮಲಗಿಸಬಹುದು. ಇಂಗ್ಲೆಂಡಿನಲ್ಲಿ ಮೊದಲ ಮಗುವಿಗೆ 500 ಪೌಂಡ್ ಕೊಡುವ ಯೋಜನೆಯೊಂದಿದೆ, ಆದರೆ ಅದು ಸರ್ಕಾರದ ಬೇರೆ ಸಹಾಯಧನ ಪಡೆಯುತ್ತಿರುವವರಿಗೆ. ಕೆಲಸದ ವೀಸಾದಲ್ಲಿರುವ ನಮ್ಮಂಥವರು ಅದನ್ನು ಮರೆತುಬಿಡುವುದೇ ಸರಿ.

ಹಳೆಯದು ಕೊಳ್ಳಬಹುದಾ? ಕೊಳ್ಳಬಹುದು. ಆರು ತಿಂಗಳು ಬಳಸುವ ವಸ್ತು, ಹೊಸದಕ್ಕೇ ಹಣ ಸುರಿಯಬೇಕೆಂದಿಲ್ಲ. ಹಾಸಿಗೆ ಮಾತ್ರ ಹೊಸದಿರಲಿ. ಅದೂ ಆ ಮಾದರಿಗೇ ಮಾಡಿದ್ದಿರಲಿ, ಬದಿಗಳಲ್ಲಿ ಸಂದು ಉಳಿಯಬಾರದು. ಬೆಲ್ಟ್, ಪುಸ್ತಿಕೆ ಎಲ್ಲ ಇದೆಯಾ ನೋಡಿ. ಸರ್ಕಾರದ ಗವ್ ಡಾಟ್ ಯುಕೆ ತಾಣದಲ್ಲಿ ವಾಪಸ್ ತರಿಸಿಕೊಂಡ ವಸ್ತುಗಳ ಪಟ್ಟಿ ಇದೆ. ಮಾದರಿಯ ಹೆಸರು ಹಾಕಿ ಹುಡುಕಲು ಎರಡು ನಿಮಿಷ ಬೇಕು.

ಇನ್ನು ಕಷ್ಟದ ಭಾಗ. ತೊಟ್ಟಿಲು ಕೊಂಡದ್ದು ಸುಲಭ, ಅಮ್ಮನನ್ನು ಒಪ್ಪಿಸಿದ್ದು ಕಷ್ಟ. ಅಮ್ಮ ಬರುವಾಗ ತಲೆ ಉರುಟಾಗಲಿ ಅಂತ ಸಾಸಿವೆ ತುಂಬಿದ ಪುಟ್ಟ ದಿಂಬು ತಂದಿದ್ದರು. ಕೊರಳಿಗೆ ಕಟ್ಟಲು ಬಜೆ ಪೋಣಿಸಿದ ಕರಿ ದಾರ. ಉಣ್ಣೆಯ ಟೊಪ್ಪಿ ಮೂರು. ತನ್ನ ಹಳೆಯ ಹತ್ತಿ ಸೀರೆಗಳನ್ನು ಮಡಚಿ ಹೊಲಿದ ಹಾಸು. ಒಂದೊಂದರಲ್ಲೂ ಪ್ರೀತಿ ಇತ್ತು, ಒಂದೂ ತೊಟ್ಟಿಲಿನೊಳಗೆ ಹೋಗುವಂತಿರಲಿಲ್ಲ. ಒಂದು ವರ್ಷದವರೆಗೆ ದಿಂಬು ಬೇಡ. ಕೊರಳಿನ ದಾರ ನಿದ್ದೆಯಲ್ಲಿ ಬಿಗಿಯಬಹುದು. ತಲೆಯಿಂದಲೇ ಮಗುವಿನ ಸೆಕೆ ಹೊರಹೋಗುವುದು, ಮನೆಯೊಳಗೆ ಟೊಪ್ಪಿ ಹಾಕಿದರೆ ಮೈ ಕಾದುಬಿಡುತ್ತದೆ.

ಡಿಸೆಂಬರ್ ತಿಂಗಳು. ಕೋಣೆಯ ಥರ್ಮಾಮೀಟರ್ 18 ಡಿಗ್ರಿ ತೋರಿಸುತ್ತಿತ್ತು. ಇಲ್ಲಿ ಹೇಳುವುದು 16ರಿಂದ 20ರ ನಡುವೆ ಇರಲಿ ಅಂತ. ಅಮ್ಮ ರಾತ್ರಿ ಬಂದು ಮಗುವಿನ ಪಾದ ಮುಟ್ಟಿ ನೋಡಿದರು. "ಮಂಜಿನ ಹಾಗೆ ಉಂಟು" ಅಂದರು. ಟೊಪ್ಪಿ ಹಾಕಿದರು. ನಾನು ತೆಗೆದೆ. ಅರ್ಧ ಗಂಟೆ ಬಿಟ್ಟು ನೋಡುತ್ತೇನೆ, ಮತ್ತೆ ಟೊಪ್ಪಿ. ಮೂರು ದಿನ ಇದೇ ಆಟ. ಹೆಲ್ತ್ ವಿಸಿಟರ್ ಬಂದ ದಿನ ಅಮ್ಮನ ಕೈ ಹಿಡಿದು ಮಗುವಿನ ಕತ್ತಿನ ಹಿಂದೆ ಇಡಿಸಿದರು. ಅಲ್ಲಿ ಬೆಚ್ಚಗಿತ್ತು, ಸ್ವಲ್ಪ ಬೆವರಿನ ಪಸೆಯೂ ಇತ್ತು. ಕೈಕಾಲು ತಣ್ಣಗಿರುವುದು ಸಹಜ, ಎದೆ ಇಲ್ಲವೇ ಕತ್ತಿನ ಹಿಂದೆ ಮುಟ್ಟಿ ನೋಡಬೇಕು ಅಂತ ಅವರು ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. ಅಮ್ಮ ಏನೂ ಹೇಳಲಿಲ್ಲ. ಆ ರಾತ್ರಿಯಿಂದ ಕತ್ತು ಮುಟ್ಟಿ ನೋಡತೊಡಗಿದರು, ಟೊಪ್ಪಿ ಹೊರಗೆ ಹೋಗುವಾಗ ಮಾತ್ರ. ಕಂಬಳಿಯ ಬದಲು ತೋಳಿಲ್ಲದ ಸ್ಲೀಪಿಂಗ್ ಬ್ಯಾಗ್ ತಂದೆವು. ಅದರ ದಪ್ಪಕ್ಕೆ ಟಾಗ್ ಅಂತ ಲೆಕ್ಕ. ಚಳಿಗೆ 2.5, ಕೋಣೆ 20 ದಾಟಿದರೆ 1. ಮಗುವಿನ ತೂಕಕ್ಕೆ ಸರಿಯಾದ ಅಳತೆ ತನ್ನಿ, ದೊಡ್ಡದಾದರೆ ತಲೆ ಒಳಗೆ ಜಾರುತ್ತದೆ.

ಸೀರೆಯ ಹಾಸು ವ್ಯರ್ಥವಾಗಲಿಲ್ಲ. ಹಗಲು ಮಗು ಎಚ್ಚರವಿದ್ದಾಗ ನೆಲಕ್ಕೆ ಹಾಸಿ ಬೋರಲು ಹಾಕುತ್ತಿದ್ದೆವು. ಎಚ್ಚರವಿದ್ದಾಗ ಬೋರಲು ಹಾಕಿ ಅಂತ ಹೆಲ್ತ್ ವಿಸಿಟರೇ ಹೇಳುತ್ತಾರೆ.

ಮಗುವನ್ನು ನಿಮ್ಮ ಹಾಸಿಗೆಗೇ ಎಳೆದುಕೊಳ್ಳುವ ರಾತ್ರಿಗಳು ಬರುತ್ತವೆ. ಅದನ್ನು ಇಲ್ಲಿ ಯಾರೂ ಅಪರಾಧ ಅನ್ನುವುದಿಲ್ಲ, ಹೇಗೆ ಅಂತ ಕೇಳಿದರೆ ಹೇಳಿಕೊಡುತ್ತಾರೆ. ಆದರೆ ಇಬ್ಬರಲ್ಲಿ ಒಬ್ಬರು ಸಿಗರೇಟ್ ಸೇದುವವರಾದರೆ, ಕುಡಿದಿದ್ದರೆ, ನಿದ್ದೆ ಬರಿಸುವ ಮಾತ್ರೆ ತಗೊಂಡಿದ್ದರೆ, ಮಗು 37 ವಾರಕ್ಕೆ ಮೊದಲೇ ಹುಟ್ಟಿದ್ದರೆ ಅಥವಾ ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಖಂಡಿತ ಬೇಡ. ಸೋಫಾದಲ್ಲಿ ಮಗುವನ್ನು ಎದೆಗೆ ಹಾಕಿಕೊಂಡು ನಿದ್ದೆ ಹೋಗುವುದು ಎಲ್ಲಕ್ಕಿಂತ ಅಪಾಯ. ಗಂಡಸರಿಗೆ ಇದನ್ನು ಎರಡು ಸಲ ಹೇಳಿ.

ನಮ್ಮ ತೊಟ್ಟಿಲಿನ ಕೆಲಸ ಐದೂವರೆ ತಿಂಗಳಿಗೆ ಮುಗಿಯಿತು. ಒಂದು ಬೆಳಿಗ್ಗೆ ಮಗಳು ಎರಡೂ ಕೈ ಊರಿ ಮೈ ಎತ್ತಿ ಗೋಡೆಯಾಚೆ ಇಣುಕುತ್ತಿದ್ದಳು. ಪುಸ್ತಿಕೆಯಲ್ಲಿ ಬರೆದದ್ದು ಅದೇ: ಕೈ ಊರಿ ಏಳಲು ಅಥವಾ ಕೂರಲು ಶುರು ಮಾಡಿದ ದಿನವೇ ನಿಲ್ಲಿಸಿ. ಆ ರಾತ್ರಿಯೇ ಸುತ್ತ ಕಂಬಿಯಿರುವ ಮಕ್ಕಳ ದೊಡ್ಡ ಕಾಟ್‌ಗೆ ಹಾಕಿದೆವು. ತೊಟ್ಟಿಲು ಈಗ ಪಕ್ಕದ ಊರಲ್ಲಿರುವ ಪೆರ್ಲದ ಹುಡುಗಿಯ ಮನೆಯಲ್ಲಿದೆ, ಅವಳಿಗೆ ಏಪ್ರಿಲ್‌ನಲ್ಲಿ ದಿನ. ಹಾಸಿಗೆ ಹೊಸದು ತಗೋ ಅಂದೆ. ಕಾರಿಗೆ ಹಾಕುವ ಮೊದಲು ಚೀಲದ ಜಿಪ್ ತೆಗೆದು ಬೆಲ್ಟ್ ಎರಡೂ ಇದೆಯಾ ಅಂತ ಎಣಿಸಿ ಕೊಟ್ಟೆ.