ಎರಡನೇ ಗಾಡಿ ಬೇಡ ಅಂದವರ ಮುಂದೆ ಹಳೇ ಆಲ್ಟೊ ದುಡ್ಡು ಉಳಿಸಿತು

ತುಮಕೂರಿನಿಂದ ಪೀಣ್ಯಕ್ಕೆ ದಿನಾ ಹೋಗಿ ಬರುವವನು ನಾನು. ಎರಡೂ ಕಡೆ ಸೇರಿ ಸುಮಾರು 120 ಕಿಲೋಮೀಟರ್. ಜೊತೆಗೆ ಪಂಪಿನ ಸಾಮಾನು ಇರುತ್ತದೆ, ಹಾಗಾಗಿ ಬಸ್ಸು, ರೈಲು ಆಗಲ್ಲ. ಏಳು ಸೀಟಿನ ಡೀಸೆಲ್ ಗಾಡಿಯಲ್ಲಿ ಒಬ್ಬನೇ ಕೂತು ಹೋಗುತ್ತಿದ್ದೆ. ಅದು ಕೊಡುತ್ತಿದ್ದದ್ದು ಲೀಟರಿಗೆ 11 ಕಿಲೋಮೀಟರ್. ತಿಂಗಳಿಗೆ 24 ದಿನ ಅಂದರೂ ಡೀಸೆಲ್‌ಗೇ 23 ಸಾವಿರ.

ಓಡಾಟಕ್ಕೆ ಹಳೇ ಸಣ್ಣ ಕಾರು ತಗೋತೀನಿ ಅಂದಾಗ ಭಾವ ಒಪ್ಪಲೇ ಇಲ್ಲ. "ಡೀಸೆಲ್ 88, ಪೆಟ್ರೋಲ್ 102. ದುಬಾರಿದು ಹಾಕಿಸ್ಕೊಂಡು ಏನಪ್ಪಾ ಉಳಿಸ್ತೀಯಾ? ಎರಡೆರಡು ಇನ್ಶೂರೆನ್ಸ್ ಬೇರೆ" ಅಂದರು. ಆದರೆ ನೋಡಬೇಕಾದದ್ದು ಲೀಟರಿನ ರೇಟಲ್ಲ, ಕಿಲೋಮೀಟರಿನ ಖರ್ಚು. ದೊಡ್ಡ ಗಾಡಿಗೆ ಕಿಲೋಮೀಟರಿಗೆ 8 ರೂಪಾಯಿ. 21 ಕೊಡುವ ಪೆಟ್ರೋಲ್ ಗಾಡಿಗೆ 5ಕ್ಕಿಂತ ಕಡಿಮೆ.

ಮೊದಲ ಸಲ ಬೆಲೆ ನೋಡಿ ಬಿದ್ದೆ. 2009ರ ಗಾಡಿ, 65 ಸಾವಿರ. ಸಂಜೆ ಹೋಗಿ ನೋಡಿದ್ದೆ, ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ಮಾರನೇ ಬೆಳಗ್ಗೆ ನಮ್ಮ ಬೀದಿಯಲ್ಲಿ ಸ್ಟಾರ್ಟ್ ಮಾಡಿದರೆ ಎದುರು ಮನೆ ಗೇಟಿನ ತನಕ ನೀಲಿ ಹೊಗೆ. ಇಂಜಿನ್ ಆಯಿಲ್ ಕುಡಿಯುತ್ತಿತ್ತು. ಮೈಲೇಜ್ 13. ಕ್ಲಚ್ಚು, ರೇಡಿಯೇಟರ್ ಅಂತ ಇನ್ನೂ 10 ಸಾವಿರ ಸುರಿದೆ. ಒಂದು ದಿನ ಕಾಲಡಿಯ ಮ್ಯಾಟ್ ಎತ್ತಿದೆ. ತಗಡು ತುಕ್ಕು ಹಿಡಿದು ಬೆರಳು ತೂರುತ್ತಿತ್ತು. 15 ವರ್ಷ ತುಂಬಿದ ಮೇಲೆ ಗಾಡಿ ಓಡಿಸಲು ಯೋಗ್ಯ ಅನ್ನೋ ಎಫ್‌ಸಿ ಮಾಡಿಸಬೇಕು ಅಲ್ವಾ? ಈ ತಗಡು ಇಟ್ಟುಕೊಂಡು ಯಾವ ಧೈರ್ಯದ ಮೇಲೆ ಹೋಗಲಿ? ನಾಲ್ಕು ತಿಂಗಳಲ್ಲಿ 40 ಸಾವಿರಕ್ಕೆ ಮಾರಿದೆ. 35 ಸಾವಿರ ಹೋಯಿತು. ಮನೆಯಲ್ಲಿ ಮಾತು ಕೇಳಿದ್ದು ಬೇರೆ.

ಇನ್ನೊಂದು ಗಾಡಿಗೆ 5 ಸಾವಿರ ಅಡ್ವಾನ್ಸ್ ಕೊಟ್ಟ ಮೇಲೆ ಆರ್‌ಸಿ ನೋಡಿದೆ. ಬ್ಯಾಂಕಿನ ಸಾಲ ಇನ್ನೂ ಹಾಗೇ ಇತ್ತು. ಸಾಲ ತೀರಿದೆ ಅಂತ ಬ್ಯಾಂಕು ಕೊಡುವ ಎನ್‌ಒಸಿ, ಫಾರಂ 35 ಯಾವುದೂ ಇಲ್ಲ. ಅಡ್ವಾನ್ಸ್ ವಾಪಸ್ ಬರಲಿಲ್ಲ.

ಮೂರನೆಯದು 2015ರ ಆಲ್ಟೊ 800. 62 ಸಾವಿರ ಕಿಲೋಮೀಟರ್ ಓಡಿತ್ತು. ಹತ್ತು ಗಂಟೆಗೆ ಬರ್ತೀನಿ ಅಂತ ಹೇಳಿ ಬೆಳಗ್ಗೆ ಆರೂವರೆಗೇ ಹೋದೆ. ಗಾಜಿನ ಮೇಲೆ ಇಬ್ಬನಿ ಹಾಗೇ ಇತ್ತು. ಬಾನೆಟ್ ಮೇಲೆ ಕೈ ಇಟ್ಟೆ, ತಣ್ಣಗಿತ್ತು. ಅಂದರೆ ನಾನು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿರಲಿಲ್ಲ. ಮೊದಲ ಸೆಲ್ಫ್‌ಗೇ ಹಿಡಿಯಿತು, ಹೊಗೆ ಇಲ್ಲ. ಇಂಜಿನ್ ಓಡುವಾಗಲೇ ಆಯಿಲ್ ಮುಚ್ಚಳ ತಿರುಗಿಸಿ ತೆಗೆದು ಅಂಗೈ ಅಡ್ಡ ಹಿಡಿದೆ. ಗಾಳಿ ಒದ್ದುಕೊಂಡು ಬರಲಿಲ್ಲ, ಅಂದರೆ ಇಂಜಿನ್ ಒಳಗೆ ಸವೆದಿಲ್ಲ. 1.75 ಲಕ್ಷ ಹೇಳಿದ್ದರು, 1.55ಕ್ಕೆ ಮುಗಿಸಿದೆ. ಬೆಲೆ ಇಳಿಸಲು ಕೊನೆಯಲ್ಲಿ ಒಂದು ಮಾತು ಆಡುತ್ತೇನೆ. ಅದು ಇಲ್ಲಿ ಬೇಡ, ನನಗಿನ್ನೂ ಗಾಡಿ ಕೊಳ್ಳುವುದಿದೆ.

ತಂದ ಮೇಲೆ 24 ಸಾವಿರ ಖರ್ಚು. ಅರ್ಧ ದುಡ್ಡು ನಾಲ್ಕು ಟೈರಿಗೇ ಹೋಯಿತು. ಉಳಿದದ್ದು ಪ್ಲಗ್ಗು, ಫಿಲ್ಟರು, ಆಯಿಲ್, ಬ್ರೇಕು. ಆದರೂ ಫುಲ್ ಟ್ಯಾಂಕ್ ಮಾಡಿಸಿ ಲೆಕ್ಕ ಹಾಕಿದರೆ ಬರುತ್ತಿದ್ದದ್ದು 17. ಭಾವನ ಮಾತೇ ನಿಜವಾಯಿತೇನೋ ಅಂತ ಎರಡು ವಾರ ಸರಿಯಾಗಿ ನಿದ್ದೆ ಬರಲಿಲ್ಲ. ಒಂದು ಸಂಜೆ ಮನೆಗೆ ಬಂದವನೇ ನಾಲ್ಕೂ ಚಕ್ರ ಮುಟ್ಟಿ ನೋಡಿದೆ. ಮೂರು ಬೆಚ್ಚಗೆ, ಹಿಂದಿನ ಎಡಗಡೆಯದು ಕೈ ಇಡಲಾಗದಷ್ಟು ಬಿಸಿ. ಆ ಚಕ್ರದ ಬ್ರೇಕ್ ಸಿಲಿಂಡರ್ ಜಾಮ್ ಆಗಿತ್ತು. ಬ್ರೇಕ್ ಒತ್ತಿಕೊಂಡೇ ಗಾಡಿ ಓಡುತ್ತಿತ್ತು. ಬಿಚ್ಚಿಸಿ ಹೊಸದು ಹಾಕಿಸಿದ ವಾರವೇ 20 ದಾಟಿತು. ಪ್ಲಗ್ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, ಸರಿ ಮಾಡಿಕೊಂಡ ಮೇಲೆ 21. ಎಷ್ಟು ಇಟ್ಟೆ ಅಂತ ಹೇಳಲ್ಲ, ಎಲ್ಲ ಇಂಜಿನ್‌ಗೂ ಅದೇ ಹೊಂದುವುದಿಲ್ಲ.

ಸುಮ್ನೆ ಕೂರುವ ಜಾಯಮಾನ ನನ್ನದಲ್ಲ. ಪೆಟ್ರೋಲ್‌ಗೆ ಬೆರೆಸುವ 400 ರೂಪಾಯಿಯ ಬಾಟಲಿ ಹಾಕಿ ನೋಡಿದೆ, ಏನೂ ಆಗಲಿಲ್ಲ. ಸಾಮಾನಿಗೆ ಅಂತ ಮೇಲೆ ಕ್ಯಾರಿಯರ್ ಹಾಕಿಸಿದೆ, ಮೈಲೇಜ್ ಎರಡು ಕಿಲೋಮೀಟರ್ ಬಿತ್ತು. ತೆಗೆಸಿ ಹಿಂದಿನ ಸೀಟು ಮಡಚಿದೆ. ಹೈವೇಯಲ್ಲಿ 70-75ರಲ್ಲಿ ಹೋದರೆ 22ರ ಮೇಲೆ, 95ಕ್ಕೆ ಏರಿಸಿದರೆ 18. ನಿಧಾನ ಹೋದರೆ ಮನೆಯಿಂದ ಪೀಣ್ಯಕ್ಕೆ ಹತ್ತು ನಿಮಿಷ ಜಾಸ್ತಿ ಆಗುತ್ತದೆ, ಅಷ್ಟೇ. ನೆಲಮಂಗಲ ದಾಟಿದ ಮೇಲೆ ಯಾರು ಬಂದರೂ ಟ್ರಾಫಿಕ್ಕಿನಲ್ಲಿ ನಿಲ್ಲಲೇಬೇಕು.

ಈಗ ತಿಂಗಳಿಗೆ ಪೆಟ್ರೋಲ್ 14 ಸಾವಿರ. ಉಳಿಯುವುದು 9 ಸಾವಿರ ಚಿಲ್ಲರೆ. ಸಾವಿರ ಸಿಸಿ ಒಳಗಿನ ಗಾಡಿ, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಮಾಡಿಸಿದ್ದೇನೆ, ವರ್ಷಕ್ಕೆ 2,094 ರೂಪಾಯಿ, ಮೇಲೆ ಜಿಎಸ್‌ಟಿ. ಹಾಕಿದ 1.79 ಲಕ್ಷ ಇಪ್ಪತ್ತು ತಿಂಗಳಲ್ಲಿ ವಾಪಸ್ ಬಂತು. ಮೊದಲೆರಡು ಗಾಡಿಯಲ್ಲಿ ಕಳೆದ 35 ಮತ್ತು 5, ಒಟ್ಟು 40 ಸಾವಿರ ಸೇರಿಸಿದರೆ ಎರಡು ವರ್ಷ ಅನ್ನಿ. ದೊಡ್ಡ ಗಾಡಿಯ ಸರ್ವಿಸ್ ಉಳಿದದ್ದನ್ನು ಲೆಕ್ಕಕ್ಕೆ ಹಿಡಿದೇ ಇಲ್ಲ. ಅದು ಈಗ ಮನೆಯವರೆಲ್ಲ ಧರ್ಮಸ್ಥಳಕ್ಕೋ ಮದುವೆಗೋ ಹೊರಟಾಗ ಮಾತ್ರ ಹೊರಗೆ ಬರುತ್ತದೆ. ಆಲ್ಟೊಗೆ ಇನ್ನು ಕ್ಲಚ್ ಪ್ಲೇಟ್ ಬದಲಿಸಬೇಕು, ಯುಗಾದಿ ಆದ ಮೇಲೆ ಗ್ಯಾರೇಜಿಗೆ ಬಿಡುತ್ತೇನೆ.